ಯಂತ್ರದ ಬಾಯಿಗೆ ಕಟ್ಟಿದ ಪಂಚೆ

ನಮ್ಮ ಅಡಿಗೆಮನೆಯ ನಲ್ಲಿಗೆ ಯಾವಾಗಲೂ ಒಂದು ಬಟ್ಟೆ ಕಟ್ಟಿರುತ್ತದೆ. ಹಳೆಯ ಪಂಚೆಯ ತುಂಡು, ಮಡಿಸಿ ದಪ್ಪ ಮಾಡಿ, ಹೂವಿನ ಪೊಟ್ಟಣದ ದಾರದಲ್ಲಿ ಬಿಗಿದದ್ದು. ನಾನು ಮದುವೆಯಾಗಿ ಬಂದಾಗ ಈ ಊರು ಮದ್ರಾಸು, ಮನೆ ಕೋಡಂಬಾಕ್ಕಂನಲ್ಲಿ. ಆಮೇಲೆ ಊರಿನ ಹೆಸರು ಬದಲಾಯಿತು, ನಾವು ಮಾಧವರಂ ಕಡೆಯ ಕಾಲೊನಿಗೆ ಬಂದೆವು, ಹಿತ್ತಾಳೆಯ ನಲ್ಲಿ ಹೋಗಿ ಸ್ಟೀಲಿನದು ಬಂತು. ಬಟ್ಟೆ ಮಾತ್ರ ಹೋಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಅತ್ತೆ ಅದನ್ನು ಬಿಚ್ಚುತ್ತಾರೆ. ಬಿಚ್ಚಿದ ಕೂಡಲೇ ತೊಳೆಯುವ ಪದ್ಧತಿಯಿಲ್ಲ. ಮೊದಲು ಕಿಟಕಿಯ ಬೆಳಕಿಗೆ ಹಿಡಿಯಬೇಕು, ಮೂಸಬೇಕು, ಬೆರಳಲ್ಲಿ ತಿಕ್ಕಿ ನೋಡಬೇಕು. ಕೆಂಪು ಬಣ್ಣವಿದ್ದರೆ ಬೀದಿಯ ಪೈಪು ತುಕ್ಕು ಹಿಡಿದಿದೆ, ಕಪ್ಪಿದ್ದರೆ ಎಲ್ಲೋ ಚರಂಡಿ ಸೇರಿದೆ, ಜಾರಿದರೆ ಮೇಲಿನ ಟ್ಯಾಂಕಿನಲ್ಲಿ ಪಾಚಿ. ನೋಡಿದ ಮೇಲೆ ಮನೆಯವರಿಗೆಲ್ಲ ತೋರಿಸಬೇಕು.

"ನೋಡ್ರೇ, ಇಷ್ಟು ನಮ್ಮ ಹೊಟ್ಟೆಗೆ ಹೋಗ್ತಿತ್ತು."

"ಅಯ್ಯೋ ಪಾಟ್ಟಿ, ಸಾಪ್ಪಿಡುಂಬೋದಾ!" ಎಂದು ನನ್ನ ಮಗಳು ಇಡ್ಲಿ ತಟ್ಟೆಯ ಸಮೇತ ಗೋಡೆಯ ಕಡೆ ತಿರುಗಿ ಕೂರುತ್ತಾಳೆ. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ.

"ತಿನ್ನೋವಾಗ್ಲೇ ತೋರಿಸ್ಬೇಕು, ಆಗ್ಲೇ ನೆನಪಿರೋದು," ಅನ್ನುತ್ತಾರೆ ಅತ್ತೆ.

ನಮ್ಮ ಕಾಲೊನಿಯಲ್ಲಿ ಇಂಥ ಬಟ್ಟೆಯಿಲ್ಲದ ನಲ್ಲಿ ಕಾಣುವುದು ಕಷ್ಟ. ಅದರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಸಿಟ್ಟು ಬಂದದ್ದು, ಬಂದು ಇನ್ನೂ ಇಳಿಯದೇ ಇರುವುದು, ಇನ್ನೊಂದು ಕಡೆ ಕಟ್ಟಿದ ಇಂಥದೇ ಒಂದು ತುಂಡಿನಿಂದ.

ನಾನು ಕೆಲಸ ಮಾಡುವುದು ಹಳೆಯ ಕಾಗದ ಬೇಯಿಸಿ ರಟ್ಟು ಮಾಡುವ ಕಾರ್ಖಾನೆಯಲ್ಲಿ. ಮನೆಯಿಂದ ಬಸ್ಸೇ ಬೇಡ, ನಡೆದೇ ಹೋಗುವಷ್ಟು ಹತ್ತಿರ. ಅಲ್ಲಿನ ಪುಟ್ಟ ಲ್ಯಾಬಿನಲ್ಲಿ ನಾನು ಕೆಮಿಸ್ಟು. ನನ್ನ ಯಜಮಾನರು ರೈಲ್ವೆಯವರು, ವಾರದಲ್ಲಿ ಅರ್ಧ ಊರಿನಲ್ಲಿರುವುದಿಲ್ಲ. ಅವರು ರೈಲಿನ ವಾಸನೆ ತರುತ್ತಾರೆ, ನಾನು ಹುಳಿತ ಗಂಜಿಯ ವಾಸನೆ ತರುತ್ತೇನೆ ಎಂದು ಅತ್ತೆ ನಮ್ಮಿಬ್ಬರನ್ನೂ ಬಚ್ಚಲಿಗೆ ಕಳಿಸಿಯೇ ಒಳಗೆ ಬಿಟ್ಟುಕೊಳ್ಳುವುದು.

ಗಂಜಿಯ ಮಾತು ಸುಳ್ಳಲ್ಲ. ಕಾಗದ ಬೇಯಿಸಿದ ನೀರು ಗಂಜಿಯಂತೆಯೇ ಇರುತ್ತದೆ. ಅದರಲ್ಲಿ ಕಾಗದದ ಸಣ್ಣ ನಾರು, ಅಂಟಿಗೆ ಹಾಕಿದ ಪಿಷ್ಟ, ಶಾಯಿ ಎಲ್ಲ ಸೇರಿರುತ್ತವೆ. ಇವುಗಳಲ್ಲೆಲ್ಲ ಇರುವುದು ಸಾವಯವ ಇಂಗಾಲ, ಅಂದರೆ ಒಂದು ಕಾಲಕ್ಕೆ ಗಿಡವೋ ಮರವೋ ಆಗಿದ್ದುದರ ಉಳಿಕೆ. ಇದನ್ನು ಹಾಗೇ ಕೆರೆಗೋ ಕಾಲುವೆಗೋ ಬಿಟ್ಟರೆ ನೀರಿನ ಕ್ರಿಮಿಗಳಿಗೆ ಹಬ್ಬದೂಟ. ತಿನ್ನುವ ಭರದಲ್ಲಿ ಅವು ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತವೆ. ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ಉಳಿದದ್ದು ತಳದಲ್ಲಿ ಕೂತು ಕೊಳೆಯುತ್ತದೆ, ಸುತ್ತಲಿನ ಬಾವಿಗಳಿಗೆ ಇಳಿಯುತ್ತದೆ. ಆದ್ದರಿಂದ ಕಾರ್ಖಾನೆಯವರು ಆ ನೀರನ್ನು ದೊಡ್ಡ ತೊಟ್ಟಿಗಳಲ್ಲಿ ಗಾಳಿ ಊದಿ, ಕ್ರಿಮಿಗಳಿಗೆ ಅಲ್ಲೇ ತಿನ್ನಿಸಿ, ಹೂಳು ಕೆಳಗೆ ಕೂರಿಸಿ, ಮೇಲಿನದನ್ನು ಮಾತ್ರ ಹೊರಗೆ ಬಿಡಬೇಕು. ಬಿಡುವ ನೀರಿನಲ್ಲಿ ಎಷ್ಟು ಇಂಗಾಲ ಉಳಿದಿದೆ ಎಂದು ಅಳೆಯಬೇಕು.

ಮೊದಲೆಲ್ಲ ನೀರನ್ನು ಆಮ್ಲದಲ್ಲಿ ಗಂಟೆಗಟ್ಟಲೆ ಕುದಿಸಿ ಸುತ್ತುದಾರಿಯಿಂದ ಅಂದಾಜು ಮಾಡುತ್ತಿದ್ದೆವು. ಆಮೇಲೆ ಹೊರಬಾಗಿಲಿನ ಕಾಲುವೆಯ ಪಕ್ಕದಲ್ಲೇ ಯಂತ್ರ ಬಂತು. ಗೋದ್ರೇಜು ಬೀರುವಿನಷ್ಟು ಎತ್ತರ, ಅದಕ್ಕೆಂದೇ ಒಂದು ಎ.ಸಿ. ಕೋಣೆ. ಸಣ್ಣ ಕೊಳವೆಯಿಂದ ನೀರನ್ನು ಗುಟುಕು ಗುಟುಕಾಗಿ ಎಳೆಯುತ್ತದೆ. ಒಂದು ತೊಟ್ಟು ಆಮ್ಲ ಸೇರಿಸಿ, ಗಾಳಿ ಗುಳುಗುಳು ಮಾಡಿ, ಸೋಡಾದಲ್ಲಿರುವಂಥ ಬೇಡದ ಅನಿಲವನ್ನು ಓಡಿಸುತ್ತದೆ. ಉಳಿದದ್ದನ್ನು ಕೆಂಡದಂಥ ಕುಲುಮೆಗೆ ಹಾಕುತ್ತದೆ. ಇಂಗಾಲವೆಲ್ಲ ಸುಟ್ಟು ಅನಿಲವಾಗುತ್ತದೆ, ಎಷ್ಟು ಅನಿಲ ಬಂತೋ ಅಷ್ಟು ಇಂಗಾಲ. ಕಾಫಿ ಕುಡಿಯುವಷ್ಟರಲ್ಲಿ ಪರದೆಯ ಮೇಲೆ ಅಂಕಿ. ಅದೇ ಅಂಕಿ ನೇರವಾಗಿ ಮಾಲಿನ್ಯ ನೋಡುವ ಸರಕಾರಿ ಕಚೇರಿಗೂ ಹೋಗುತ್ತದೆ.

ಯಂತ್ರ ಬಂದಾಗ ನನ್ನಷ್ಟು ಖುಷಿಪಟ್ಟವರು ಯಾರೂ ಇಲ್ಲ. ಒಳ್ಳೆಯ ಯಂತ್ರ. ಕೊಟ್ಟದ್ದನ್ನು ಸುಟ್ಟು ಲೆಕ್ಕ ಹೇಳುತ್ತದೆ. ಆದರೆ ತನಗೆ ಏನು ಕೊಡಲಿಲ್ಲ ಎಂಬುದು ಪಾಪ, ಅದಕ್ಕೆ ಹೇಗೆ ಗೊತ್ತಾಗಬೇಕು?

ಕಳೆದ ಬೇಸಿಗೆಗೆ ಮುಂಚೆ ಗಾಳಿ ಊದುವ ಮೋಟಾರು ಕೆಡುತ್ತ ಬಂತು. ಹೂಳು ತಳದಲ್ಲಿ ಕೂರದೆ ಮೇಲೆ ತೇಲತೊಡಗಿತು. ಹೊಸದು ಹಾಕಿಸಿ ಎಂದು ನಾನು ಮ್ಯಾನೇಜರಿಗೆ ಹೇಳಿದ್ದೆ, ನೋಡೋಣ ಎಂದಿದ್ದರು. ಆದರೂ ಯಂತ್ರದ ಅಂಕಿ ತಣ್ಣಗೆ ಕೆಳಗೇ ಇತ್ತು. ನಾನು ಕಾಲುವೆಯಿಂದ ಬಾಟಲಿಯಲ್ಲಿ ಹಿಡಿದು ತಂದು ಲ್ಯಾಬಿನಲ್ಲಿ ನೋಡಿದರೆ ಅಂಕಿ ಬೇರೆ. ಸ್ವಲ್ಪ ಬೇರೆಯಲ್ಲ, ಮಾವಿನ ಮರಕ್ಕೂ ಕೊತ್ತಂಬರಿ ಗಿಡಕ್ಕೂ ಇರುವಷ್ಟು ಬೇರೆ. ಮೊದಲು ನನ್ನ ಕೈಯನ್ನೇ ಅನುಮಾನಿಸಿದೆ. ಗಾಜನ್ನೆಲ್ಲ ಮತ್ತೆ ತೊಳೆದೆ, ಔಷಧಿಗಳನ್ನು ಹೊಸದಾಗಿ ಕಲೆಸಿದೆ. ಅಂಕಿ ಜಗ್ಗಲಿಲ್ಲ.

ಒಂದು ಬೆಳಿಗ್ಗೆ ಸೀದಾ ಕಾಲುವೆಗೆ ಹೋಗಿ, ಯಂತ್ರದ ಕೊಳವೆಯ ತುದಿಯನ್ನು ನೀರಿನಿಂದ ಎತ್ತಿದೆ. ತುದಿಗೆ ಬಟ್ಟೆ ಸುತ್ತಿತ್ತು. ಮಡಿಸಿ ದಪ್ಪ ಮಾಡಿದ ಪಂಚೆ ತುಂಡು, ಜರಿಯ ಅಂಚು ಸಮೇತ. ಅದರ ಸುತ್ತ ನಾರೂ ಹೂಳೂ ಮೆತ್ತಿಕೊಂಡು ಹುಣಿಸೆಹಣ್ಣು ಹಿಂಡಿದ ಮೇಲೆ ಉಳಿದ ಚರಟದ ಮುದ್ದೆಯಂತಾಗಿತ್ತು.

ಪಂಪು ಮೋಟಾರು ನೋಡಿಕೊಳ್ಳುವವನು ಅಲ್ಲೇ ಇದ್ದ. ನನಗಿಂತ ಸ್ವಲ್ಪ ದೊಡ್ಡವನು, ನಾನು ಅಣ್ಣಾ ಎಂದೇ ಕರೆಯುವುದು. ಕಾರ್ಖಾನೆಯ ಮಾತೆಲ್ಲ ತಮಿಳು, ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಇದೇನಣ್ಣಾ ಇದು?"

"ಬಟ್ಟೆ ಅಕ್ಕಾ. ಕೊಳವೆ ದಿನಾ ಕಟ್ಕೊಳ್ತಿತ್ತು. ಕಂಪೆನಿಯೋನು ಬರ್ತಾನೆ, ಊದ್ತಾನೆ, ಹೋಗ್ತಾನೆ. ಮಾರನೇ ದಿನ ಮತ್ತೆ ಅದೇ. ಮನೇಲಿ ನಲ್ಲಿಗೆ ಕಟ್ಟಲ್ವಾ, ಹಂಗೇ ಕಟ್ಟಿದೆ. ಆಮೇಲೆ ಒಂದು ದಿನಾನೂ ಕಟ್ಕೊಂಡಿಲ್ಲ ನೋಡಿ!"

ಅವನ ಮುಖದಲ್ಲಿ ಹೆಮ್ಮೆ ಇತ್ತು. ಹಬ್ಬಕ್ಕೆ ಉಟ್ಟ ಪಂಚೆಯನ್ನೇ ಹರಿದು ಕಟ್ಟಿದ್ದ.

"ಬಿಚ್ಚಿ ತೊಳೀತೀಯಾ?"

"ವಾರಕ್ಕೊಂದ್ಸಲ. ಕೆಟ್ಟ ವಾಸನೆ ಅಕ್ಕಾ, ಮೂಗು ಮುಚ್ಕೊಂಡು ತೊಳೀತೀನಿ."

ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಯಂತ್ರಕ್ಕೆ ಒಳ್ಳೆಯದಾಗಲೆಂದು ಕಟ್ಟಿದವನು. ಆದರೆ ಇಂಗಾಲದ ಬಹುಪಾಲು ಇದ್ದದ್ದು ಆ ಮುದ್ದೆಯಲ್ಲೇ. ಯಂತ್ರ ಕುಡಿಯುತ್ತಿದ್ದುದು ಸೋಸಿದ ತಿಳಿಯನ್ನು, ಕಾಲುವೆಗೆ ಹೋಗುತ್ತಿದ್ದುದು ಬಗ್ಗಡ.

ಬಟ್ಟೆಯನ್ನು ಹಾಗೇ ಮ್ಯಾನೇಜರ ಕೋಣೆಗೆ ಒಯ್ದೆ. ಅವರು ಮೂಗಿಗೆ ಕರವಸ್ತ್ರ ಹಿಡಿದರು.

"ಇದನ್ನ ಯಾಕೆ ಮೇಡಂ ಇಲ್ಲಿಗೆ ತಂದ್ರಿ?"

ವಿಷಯ ಹೇಳಿದೆ. ಅವರು ಆಶ್ಚರ್ಯಪಡಲಿಲ್ಲ. ನನ್ನ ಸಿಟ್ಟು ಶುರುವಾದದ್ದು ಆ ಗಳಿಗೆಯಲ್ಲಿ. ಆ ಮುಖಕ್ಕೆ ಇದು ಹೊಸ ಸುದ್ದಿಯೇ ಆಗಿರಲಿಲ್ಲ.

"ಅಷ್ಟು ದುಬಾರಿ ಯಂತ್ರ, ಕಾಪಾಡ್ಕೋಬೇಡ್ವಾ?" ಎಂದರು. "ಅಲ್ಲದೆ ನೀವು ಬಾಟಲಿ ಜಾಸ್ತಿ ಕುಲುಕ್ತೀರಿ. ನಾನೇ ನೋಡಿದೀನಿ. ಅದಕ್ಕೇ ನಿಮ್ಮ ಅಂಕಿ ಏರೋದು."

"ಕುಲುಕಿಯೇ ತೆಗೀಬೇಕು ಸರ್. ಇಲ್ಲದಿದ್ರೆ ತಳದಲ್ಲಿರೋದು ಲೆಕ್ಕಕ್ಕೆ ಸಿಗಲ್ಲ."

"ಕಾಲುವೇಲಿ ಯಾರು ಮೇಡಂ ಕುಲುಕ್ತಾರೆ? ಅಲ್ಲಿ ತಾನಾಗೇ ಕೆಳಗೆ ಕೂತ್ಕೊಳತ್ತೆ."

"ಕೂತಿದ್ದು ಆಮೇಲೆ ಎಲ್ಲಿಗೆ ಹೋಗತ್ತೆ?"

"ಅದು ನಮ್ಮ ಕಾಂಪೌಂಡಿನ ಆಚೆ," ಎಂದು ನಕ್ಕರು. "ಬಟ್ಟೇನ ಅಲ್ಲೇ ಕಟ್ಟಿಸ್ಬಿಡಿ. ಕೊಳದ ಕಾರ್ಯಕ್ರಮ ಆಗೋವರೆಗೂ ಏನೂ ಕದಲಿಸ್ಬೇಡಿ."

ಅಣ್ಣ ಬಟ್ಟೆಯನ್ನು ತೊಳೆದು ಮತ್ತೆ ಕಟ್ಟಿದ. ಕೊಳದ ಕಾರ್ಯಕ್ರಮ ಎಂದರೇನು ಎಂದು ನನಗೆ ಗೊತ್ತಾದದ್ದು ಅಂದು ಸಂಜೆ, ಮನೆಯಲ್ಲಿ.

ನಾವಿರುವುದು ಮಹಡಿಯಲ್ಲಿ. ಕೆಳಗಿನ ಮನೆಯ ಮಾಮ ಇನ್ಶೂರೆನ್ಸ್ ಕಂಪೆನಿಯಲ್ಲಿದ್ದು ರಿಟೈರಾದವರು, ಅಜ್ಜನ ಕಾಲದಿಂದ ಈ ಊರಿನಲ್ಲೇ ಇರುವ ವೈಷ್ಣವರು, ಕಾಲೊನಿಯ ಸಂಘಕ್ಕೆ ಕಾರ್ಯದರ್ಶಿ. ಅವರ ಕನ್ನಡದಲ್ಲಿ ಅರ್ಧ ತಮಿಳು, ತಮಿಳಿನಲ್ಲಿ ಕಾಲು ಇಂಗ್ಲಿಷು. ನೀರಿನ ವಿಷಯದಲ್ಲಿ ಅವರು ಪಡುತ್ತಿದ್ದ ಪಾಡನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬೇಸಿಗೆ ಬಂದರೆ ಕಾಲೊನಿಯ ಅಡಿ ಪಂಪಿನ ಹಿಡಿಯನ್ನು ಎಷ್ಟು ಒತ್ತಿದರೂ ಬರೀ ಕೆಮ್ಮು. ನೀರು ಹೊತ್ತ ತಣ್ಣಿ ಲಾರಿ ಬಂದರೆ ಕೊಡ, ಇಲ್ಲಿನ ಮಾತಲ್ಲಿ ಕುಡಂ, ಹಿಡಿದವರ ಜಗಳ, ಆ ಜಗಳ ಬಿಡಿಸಲು ಮಾಮನೇ ಬೇಕು. ಮೊಣಕಾಲು ನೋವಿನ ಮಾಮಿಗೆ ಅವರೇ ಎರಡು ಕೈಯಲ್ಲೂ ನೀರು ಹೊರಬೇಕು. ಇಡೀ ಕಾಲೊನಿಗೆ ಆಸರೆಯೆಂದರೆ ಒಣಗಿದ ಕೊಳದ ದಂಡೆಯಲ್ಲಿರುವ ಒಂದು ತೆರೆದ ಬಾವಿ. ನಲ್ಲಿ ನಿಂತಾಗ ಅಡಿಗೆಗೂ ಕುಡಿಯುವುದಕ್ಕೂ ಅದೇ.

ಅಂದು ಮಾಮ ಮೈಸೂರುಪಾಕಿನ ಡಬ್ಬಿ ಹಿಡಿದು ಮೇಲೆ ಬಂದರು.

"ಏನಮ್ಮಾ, ಇಷ್ಟು ದಿನ ಸೊಲ್ಲವೇ ಇಲ್ವೇ ನೀನು! ನಿಮ್ಮ ಕಾರ್ಖಾನೆಯೋರು ಸುದ್ಧ ಮಾಡಿದ ನೀರನ್ನ ನಮ್ಮ ಕೊಳಕ್ಕೆ ಬಿಡ್ತಾರಂತೆ. ಫ್ರೀ! ಕೊಳ ತುಂಬಿದ್ರೆ ಬಾವೀಲಿ ಊಟೆ ಏಳತ್ತೆ. ಪೈಪ್ ಎಲ್ಲಾ ಹಾಕಾಯ್ತು. ಬರೋ ಭಾನುವಾರ ಓಪನಿಂಗು. ವಾಲ್ವು ತಿರುಗಿಸೋದು ಯಾರು ಗೊತ್ತಾ? ಕಾಲೊನಿಗೇ ಹಿರಿಯರು, ನಿಮ್ಮತ್ತೆ!"

ಅತ್ತೆಗೆ ಮುಖ ಅರಳಿತು. "ನನ್ನ ಕೈಲಿ ತಿರುಗತ್ತೇನಪ್ಪಾ ಅದು?"

"ಎಣ್ಣೆ ಹಾಕಿಸಿಡ್ತೀನಿ, ಕವಲೆ ಬೇಡ, ಚಿಂತೆ ಬೇಡ."

ಅಡಿಗೆಮನೆಯ ಬಾಗಿಲಲ್ಲಿ ನಿಂತೇ ಹೇಳಿದೆ. "ಬೇಡ ಮಾಮ. ಆ ನೀರು ಸರಿಯಿಲ್ಲ."

"ಸರಿಯಿಲ್ಲವಾ? ಸಂಘದ ಮೀಟಿಂಗಲ್ಲಿ ಅಂಕಿ ತೋರಿಸಿದ್ರೇ. ಇಂಪೋರ್ಟೆಡ್ ಯಂತ್ರ. ನೇರ ಗವರ್ನಮೆಂಟಿಗೇ ಕನೆಕ್ಷನ್. ಅದಕ್ಕೆ ಪೊಯ್ ಹೇಳಿ, ಸುಳ್ಳು ಹೇಳಿ ಏನಾಗಬೇಕು?"

"ಯಂತ್ರದ ಬಾಯಿಗೆ ಬಟ್ಟೆ ಕಟ್ಟಿದಾರೆ ಮಾಮ. ಸಾರಿನ ಪಾತ್ರೆಯಲ್ಲಿ ಮೇಲಿನ ತಿಳಿ ಮಾತ್ರ ರುಚಿ ನೋಡಿ, ಬೇಳೆಯೇ ಹಾಕಿಲ್ಲ ಅಂದ ಹಾಗೆ."

"ಮೀಟಿಂಗಲ್ಲಿ ಜನ ಕೇಳಿದ್ರು, ಇದು ನಂಬೋದು ಹೇಗೆ ಅಂತ. ನಾನು ಏನಂದೆ ಗೊತ್ತಾ? ನಮ್ಮ ಮಹಡಿ ಮನೆ ಹುಡುಗೀನೇ ಅಲ್ಲಿ ಕೆಮಿಸ್ಟು, ಅವಳ ಮೇಲೆ ನಂಬಿಕೆ ಇಲ್ವಾ ಅಂದೆ. ಎಲ್ಲಾ ಒಪ್ಪಿಕೊಂಡ್ರು. ಈಗ ನೀನೇ ಹೀಗಂದ್ರೆ ನನ್ನ ಮುಖ ಎಲ್ಲಿಡ್ಲಿ?"

ಕೈಯಲ್ಲಿದ್ದ ಸೌಟನ್ನು ನೆಲಕ್ಕೆ ಎಸೆಯಬೇಕು ಅನ್ನಿಸಿತು. ನನ್ನನ್ನು ಒಂದು ಮಾತು ಕೇಳದೆ ನನ್ನನ್ನೇ ಜಾಮೀನು ಇಟ್ಟಿದ್ದಾರೆ! ಕಾರ್ಖಾನೆಯವರಿಗೆ ನಾನು ಬಾಟಲಿ ಜಾಸ್ತಿ ಕುಲುಕುವವಳು. ಕಾಲೊನಿಗೆ ನಾನು ನೀರಿನ ಗ್ಯಾರಂಟಿ. ಇಷ್ಟು ವರ್ಷ ಆಮ್ಲದ ಹೊಗೆ ಕುಡಿದು ಕಲಿತದ್ದನ್ನು ಬಾಯಿ ಬಿಟ್ಟು ಹೇಳಿದರೆ ಯಾರಿಗೂ ಬೇಡ.

"ನನ್ನ ಹೆಸರು ಹೇಳೋ ಮುಂಚೆ ನನ್ನ ಕೇಳ್ಬೇಕಿತ್ತು ಮಾಮ," ಎಂದೆ. ದನಿ ಏರಿತ್ತು.

"ನೀನು ಒಬ್ಬಳೇ ಬುದ್ಧಿವಂತೆ. ಅವ್ವಳವುದಾನ್, ಅಷ್ಟೇ. ಲಾರಿ ಮುಂದೆ ಕುಡಂ ಹಿಡಿದು ನಿಂತು ನೋಡು, ಆಗ ಗೊತ್ತಾಗತ್ತೆ," ಎಂದು ಮಾಮ ಎದ್ದರು. ಡಬ್ಬಿ ಇಟ್ಟೇ ಹೋದರು. ಮೈಸೂರುಪಾಕನ್ನು ಮಗಳು ತಿಂದಳು. ನನಗೆ ಇಳಿಯಲಿಲ್ಲ.

ಆ ವಾರವೆಲ್ಲ ಹೇಳಿದೆ. ಸಂಘದ ಅಧ್ಯಕ್ಷರ ಮನೆಗೆ ಹೋದೆ, ಅವರು ಕಾಫಿ ಕೊಟ್ಟು ಮಗಳ ಮದುವೆಯ ಆಲ್ಬಂ ತೋರಿಸಿದರು. ಪಕ್ಕದ ಬೀದಿಯ ಟೀಚರು "ಎಷ್ಟು ಪಿ.ಪಿ.ಎಂ. ಅಕ್ಕಾ?" ಎಂದು ಕೇಳಿದಳು. ಹೇಳಿದೆ. "ಅದು ಜಾಸ್ತಿನಾ ಕಮ್ಮಿನಾ?" ಎಂದಳು. ಜಾಸ್ತಿ ಎಂದೆ. "ಅವರು ಕೊಟ್ಟ ಪೇಪರಲ್ಲಿ ಕಮ್ಮಿ ಇದೆಯಲ್ಲಾ," ಎಂದಳು. ಒಂದು ಅಂಕಿಯ ಎದುರು ಇನ್ನೊಂದು ಅಂಕಿ ಇಟ್ಟರೆ ಜನ ತಮಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತಾರೆ. ನೀರಿಲ್ಲದ ಬೀದಿಯಲ್ಲಿ ಯಾವುದನ್ನು ಆರಿಸುತ್ತಾರೆ ಎಂದು ಬೇರೆ ಹೇಳಬೇಕೆ? ಅವರ ಮೇಲೆ ಸಿಟ್ಟು ಮಾಡಿಕೊಂಡೆ. ಸಿಟ್ಟು ಮಾಡಿಕೊಂಡದ್ದಕ್ಕೆ ನನ್ನ ಮೇಲೆ ಸಿಟ್ಟು ಬಂತು. ಅನ್ನ ಎರಡು ಸಲ ತಳ ಹಿಡಿಯಿತು.

ಭಾನುವಾರ ಬೆಳಿಗ್ಗೆ ಮೊದಲು ಕಾರ್ಖಾನೆಗೆ ಹೋದೆ. ಅಣ್ಣ ಮೋಟಾರಿನ ಹತ್ತಿರ ಇದ್ದ.

"ಅಣ್ಣಾ, ಆ ಬಟ್ಟೆ ನಾನು ಬಿಚ್ತಿದೀನಿ. ಯಾರು ಬಿಚ್ಚಿದ್ದು ಅಂತ ಕೇಳಿದ್ರೆ ನನ್ನ ಹೆಸರೇ ಹೇಳು."

"ವೇಂಡಾಂ ಅಕ್ಕಾ. ಇವತ್ತು ಎಲ್ಲಾ ದೊಡ್ಡೋರು ಬರ್ತಾರೆ."

"ಅದಕ್ಕೇ ಇವತ್ತು."

ಬಿಚ್ಚಿದೆ. ಒಂದು ವಾರದ ಮುದ್ದೆ ಹಾಗೇ ಇತ್ತು. ಲ್ಯಾಬಿನ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಕೊಳದ ಕಡೆ ನಡೆದೆ. ನನ್ನ ಹಿಂದೆ ಯಂತ್ರ ಎಷ್ಟೋ ದಿನಗಳ ಮೇಲೆ ಸೋಸದ ನೀರು ಕುಡಿಯುತ್ತಿತ್ತು.

ಕೊಳದ ದಂಡೆಯಲ್ಲಿ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಮೈಕು. ಹೊಸ ಪೈಪಿಗೆ ಮಾವಿನ ಎಲೆ, ವಾಲ್ವಿಗೆ ಅರಿಶಿನ ಕುಂಕುಮ. ಅತ್ತೆ ಮದುವೆಗೆ ಹೊರಟಂತೆ ರೇಶ್ಮೆ ಸೀರೆ ಉಟ್ಟು ಮೊದಲ ಸಾಲಿನಲ್ಲಿ ಕೂತಿದ್ದರು. ಮ್ಯಾನೇಜರು ಬಿಳಿ ಅಂಗಿಯಲ್ಲಿ ಬಂದು ಅವರಿಗೆ ಕೈ ಮುಗಿದರು. ನನ್ನನ್ನು ನೋಡಿ, "ಮೇಡಂ, ನೀವೂ ಮೈಕಲ್ಲಿ ಎರಡು ಮಾತು ಹೇಳಿ, ನೀರು ಚೆನ್ನಾಗಿದೆ ಅಂತ," ಎಂದರು. ಅಷ್ಟು ಧೈರ್ಯ ಅವರಿಗೆ.

ನಾನು ಮೈಕಿನ ಕಡೆ ಹೋಗಲಿಲ್ಲ. ಅತ್ತೆಯ ಹತ್ತಿರ ಹೋಗಿ ಕವರು ಬಿಚ್ಚಿ ಬಟ್ಟೆಯನ್ನು ಅವರ ಮುಂದೆ ಹಿಡಿದೆ.

"ಇದು ಯಾವುದೇ?"

"ಕಾರ್ಖಾನೆ ನೀರಿಗೆ ಕಟ್ಟಿದ್ದು ಅತ್ತೆ. ಒಂದು ವಾರದ್ದು."

ಮುಂದೆ ಆದದ್ದನ್ನು ನಾನು ಯೋಜನೆ ಮಾಡಿದ್ದೆ ಎಂದು ಮಾಮ ಇವತ್ತಿಗೂ ನಂಬಿದ್ದಾರೆ. ಅತ್ತೆಗೆ ತೋರಿಸಬೇಕು ಎಂಬಷ್ಟೇ ನನ್ನ ತಲೆಯಲ್ಲಿದ್ದದ್ದು. ಅವರು ಶುಕ್ರವಾರದ ಹಾಗೆಯೇ ಅದನ್ನು ಎರಡು ತುದಿಯಲ್ಲಿ ಹಿಡಿದು ಬೆಳಕಿಗೆ ಎತ್ತಿದರು. ಬೆಳಕು ತೂರಲಿಲ್ಲ. ಮೂಸಿದರು. ರೇಶ್ಮೆ ಸೀರೆಯ ಮೇಲೆ ಬೂದು ನೀರು ತೊಟ್ಟಿಕ್ಕಿದ್ದನ್ನೂ ನೋಡದೆ ಬೆರಳಲ್ಲಿ ತಿಕ್ಕಿದರು.

"ಜಾರತ್ತೆ," ಎಂದರು. "ನಾರೂ ಇದೆ. ಸತ್ತ ಇಲಿ ವಾಸನೆ."

ಪಕ್ಕದ ಕುರ್ಚಿಯಲ್ಲಿದ್ದ ಮಾಮಿ ಮೊಣಕಾಲು ಹಿಡಿದುಕೊಂಡು ಎದ್ದು ಬಂದರು. ಅವರೂ ಬೆರಳಲ್ಲಿ ತಿಕ್ಕಿದರು. ಟೀಚರು ಬಂದಳು. ಹಿಂದಿನ ಸಾಲಿನ ಹೆಂಗಸರು ಬಂದರು. ಪಿ.ಪಿ.ಎಂ. ಎಂದರೇನು ಎಂದು ಅವರಲ್ಲಿ ಯಾರೂ ಕೇಳಲಿಲ್ಲ. ಪ್ರತಿಯೊಬ್ಬರ ಮನೆಯ ನಲ್ಲಿಗೂ ಇಂಥ ತುಂಡು ಇದೆ, ಅದನ್ನು ಓದುವುದು ಪ್ರತಿಯೊಬ್ಬರಿಗೂ ಗೊತ್ತು.

"ಒಂದು ವಾರಕ್ಕೇ ಇಷ್ಟಾ?" "ಅಯ್ಯಯ್ಯೋ, ನಮ್ಮ ಮನೇಲಿ ಆರು ತಿಂಗಳಾದ್ರೂ ಇಷ್ಟಾಗಲ್ಲ." "ಇದು ಬಾವಿಗೆ ಇಳಿದ್ರೆ?"

ಮೈಕಿನಲ್ಲಿ ಅತ್ತೆಯ ಹೆಸರು ಕರೆದರು. ಅವರು ಕೂತಲ್ಲೇ ಹೇಳಿದರು, "ನಾನು ತಿರುಗಿಸಲ್ಲಪ್ಪಾ. ಯಾರಿಗೆ ಕುಡಿಯೋ ಧೈರ್ಯ ಇದೆಯೋ ಅವರೇ ಬಂದು ತಿರುಗಿಸ್ಲಿ."

ಮ್ಯಾನೇಜರು ಮಾಮನ ಕಡೆ ನೋಡಿದರು. ಮಾಮ ವಾಲ್ವಿನ ಕಡೆ ಒಂದು ಹೆಜ್ಜೆ ಇಟ್ಟರು. ಮಾಮಿ, "ಸುಮ್ನೆ ನಿಲ್ಲಿ," ಎಂದರು, ಗಟ್ಟಿಯಾಗಿಯೇ. ಅವರು ನಿಂತರು. ಅಷ್ಟರಲ್ಲಿ ಮ್ಯಾನೇಜರ ಫೋನು ಕೂಗಿತು. ಯಂತ್ರದ ಅಂಕಿ ಮಿತಿ ದಾಟಿದೆ ಎಂಬ ಎಚ್ಚರಿಕೆ. ಅವರು ಅದನ್ನು ಓದಿ, ತಲೆಯೆತ್ತಿ ನನ್ನನ್ನು ನೋಡಿದರು.

"ಯಾರು ಬಿಚ್ಚಿದ್ದು?"

"ನಾನೇ ಸರ್."

"ನಾಳೆ ನನ್ನನ್ನ ಬಂದು ನೋಡಿ."

ಕುರ್ಚಿಗಳನ್ನು ಮಡಿಸಿ ಲಾರಿಗೆ ಹಾಕಿದರು. ವಾಲ್ವಿನ ಕುಂಕುಮ ಹಾಗೇ ಉಳಿಯಿತು.

ಇಲ್ಲಿಗೆ ಕತೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಸೋಮವಾರ ಮ್ಯಾನೇಜರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದರೆ ಸದ್ದಾಗುತ್ತದೆ ಎಂದು ಯಾರೋ ಹೇಳಿರಬೇಕು. ಬಹಳ ಮರ್ಯಾದೆಯಿಂದ, "ನಿಮ್ಮ ಬಾವಿಗೆ ಏನೂ ಆಗಲ್ಲ ಮೇಡಂ, ಕೊಳದ ಪೈಪು ಮುಚ್ಚಿಸಿದೀನಿ. ನಿಮಗೆ ಸಮಾಧಾನ ತಾನೇ? ಇನ್ನು ನಿಮ್ಮ ಪಾಡಿಗೆ ನೀವಿರಿ," ಎಂದರು. ಕಾಲುವೆಗೆ ಹೋದರೆ ಅಲ್ಲಿ ಬಟ್ಟೆ ಮತ್ತೆ ಕಟ್ಟಿತ್ತು. ಈ ಸಲ ಪಂಚೆಯಲ್ಲ, ಅಂಗಡಿಯಿಂದ ತಂದ ನೈಲಾನ್ ಜಾಳಿಗೆ, ಸ್ಟೀಲಿನ ಬಳೆಯಲ್ಲಿ ಬಿಗಿದದ್ದು. ಅಣ್ಣ ತಲೆ ತಗ್ಗಿಸಿದ. "ಅವರೇ ನಿಂತು ಕಟ್ಟಿಸಿದ್ರು ಅಕ್ಕಾ."

ನೀರು ಮೊದಲಿನಂತೆ ಕಾಲುವೆಗೆ ಹೋಗುತ್ತಿತ್ತು. ಕಾಲುವೆ ನಮ್ಮ ಕಾಲೊನಿಯ ಬೆನ್ನಿಗೆ ಹರಿದು, ಆಚೆಯ ಗುಡಿಸಲುಗಳ ಪಕ್ಕದಲ್ಲಿ ನಿಧಾನವಾಗಿ ನಿಲ್ಲುತ್ತದೆ. ಅಲ್ಲಿಯೂ ಒಂದು ಅಡಿ ಪಂಪು ಇದೆ. ಅಲ್ಲಿ ಯಾರೂ ಶಾಮಿಯಾನ ಹಾಕಿ ಯಾರ ಒಪ್ಪಿಗೆಯನ್ನೂ ಕೇಳಿರಲಿಲ್ಲ. ನಿಮ್ಮ ಬಾವಿಗೆ ಏನೂ ಆಗಲ್ಲ, ನಿಮಗೆ ಸಮಾಧಾನ ತಾನೇ? ಆ ಮಾತು ಈಗಲೂ ಕಿವಿಯಲ್ಲಿ ಉರಿಯುತ್ತದೆ. ನನ್ನನ್ನು ಅಷ್ಟಕ್ಕೆ ಕೊಂಡುಕೊಳ್ಳಬಹುದು ಎಂದುಕೊಂಡಿದ್ದರು.

ಜಾಳಿಗೆಯನ್ನು ಬಿಚ್ಚಿದೆ. ಮಾರನೆಯ ದಿನ ಮತ್ತೆ ಇತ್ತು. ಮತ್ತೆ ಬಿಚ್ಚಿದೆ. ಒಬ್ಬರಿಗೊಬ್ಬರು ಮಾತಿಲ್ಲದೆ ಇದೇ ನಡೆಯಿತು. ಕೆಳಗಿನ ಮನೆಯಲ್ಲೂ ಮಾತಿಲ್ಲ. ಲಾರಿ ಬಂದಾಗ ಮಾಮ ಎಲ್ಲರ ಕುಡಂಗೂ ಪೈಪು ಹಿಡಿಯುತ್ತಿದ್ದರು, ನನ್ನದು ಬಂದಾಗ ಪಕ್ಕದವರ ಕೈಗೆ ಕೊಡುತ್ತಿದ್ದರು. ನಾನೂ ಅವರ ಮುಖ ನೋಡುತ್ತಿರಲಿಲ್ಲ. ಇಬ್ಬರೂ ವಯಸ್ಸಾದವರು, ಶಾಲೆಯ ಮಕ್ಕಳ ಹಾಗೆ.

ಒಂದು ಶುಕ್ರವಾರ ಬೆಳಿಗ್ಗೆ ಮಾಮ ಮೆಟ್ಟಿಲು ಹತ್ತಿ ಬಂದರು. ಕಾಲಿಗೆ ಮೊಣಕಾಲವರೆಗೆ ಕೆಸರು, ಕೈಯಲ್ಲಿ ಪ್ಲಾಸ್ಟಿಕ್ ಬಕೆಟ್ಟು. ಮಗಳು ಮೂಗು ಮುಚ್ಚಿಕೊಂಡು ಒಳಗೆ ಓಡಿದಳು. ಬಕೆಟ್ಟಿನಲ್ಲಿ ಅವರದೇ ಪಂಚೆಯ ತುಂಡು, ಬೂದುಬಣ್ಣದ ಮುದ್ದೆಯಾಗಿ.

"ಕಾಲುವೆಗೆ ಬೀಳ್ತದಲ್ಲ ನಿಮ್ಮ ಕಾರ್ಖಾನೆ ಪೈಪು, ಹೊರಗಡೆ ರೋಡಿನ ಪಕ್ಕ. ಅಲ್ಲಿ ಕಟ್ಟಿದ್ದೆ. ಮಾಮಿ ಮೂರು ದಿನದಿಂದ ಒಂದೇ ಪಾಟ್ಟು, ನೀವು ಹೋಗಿ ನೋಡಿ, ನೀವು ಹೋಗಿ ನೋಡಿ ಅಂತ." ಉಸಿರು ಎಳೆದುಕೊಂಡರು. "ಗುಡಿಸಲ ಮಕ್ಕಳು ಅಲ್ಲೇ ಕಾಲು ಇಳಿಬಿಟ್ಟು ಕೂತಿದ್ವು."

ಅತ್ತೆ ಬಂದು ಬಕೆಟ್ಟಿನೊಳಗೆ ಇಣುಕಿದರು. "ಅದೇ," ಎಂದರು.

"ಸೋಮವಾರ ಆ ಗವರ್ನಮೆಂಟ್ ಆಫೀಸಿಗೆ ಹೋಗ್ತೀನಿ," ಎಂದರು ಮಾಮ. "ಬಟ್ಟೆ ನನ್ನ ಹತ್ರ ಇದೆ. ಬಟ್ಟೆ ತೋರಿಸಿದ್ರೆ ಅವರು ನಗ್ತಾರೆ, ಅವರಿಗೆ ಅಂಕಿ ಬೇಕು. ಕುಲುಕಿ ನೋಡಿದ ಅಂಕಿ. ಯಾರು ಅಳೆದದ್ದು ಅಂತ ಕೇಳ್ತಾರೆ." ನನ್ನ ಮುಖ ನೋಡದೆ ನೆಲ ನೋಡುತ್ತ ಹೇಳಿದರು, "ಆವತ್ತು ಕೇಳದೇ ನಿನ್ನ ಹೆಸರು ಹೇಳ್ಬಿಟ್ಟೆ. ಈಗ ಕೇಳ್ತಿದೀನಿ. ಹೇಳ್ಲಾಮ್ಮಾ?"

ಹೇಳಿದರೆ ಕೆಲಸ ಉಳಿಯುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ನಾನು ಒಳಗೆ ಹೋಗಿ ಉರಿ ಸಣ್ಣ ಮಾಡಿ ಬಂದೆ. ಸಿಟ್ಟು ಹಾಗೇ ಇತ್ತು.

"ಹೇಳಿ ಮಾಮ," ಎಂದೆ. ಅಂಕಿ ಹೇಳಿದೆ.

ನಲ್ಲಿಯ ಬಟ್ಟೆ ಬಿಚ್ಚುತ್ತಿದ್ದ ಅತ್ತೆ ಒಳಗಿನಿಂದ ಕೂಗಿದರು, "ಗಟ್ಟಿಯಾಗಿ ಹೇಳೇ, ಇಲ್ಲಿಗೆ ಕೇಳಿಸ್ಲಿಲ್ಲ."

ಮತ್ತೊಮ್ಮೆ ಹೇಳಿದೆ, ಬೀದಿಗೇ ಕೇಳಿಸುವ ಹಾಗೆ.